ಅಂಜುಬುರುಕ ಕತ್ತಿ

ನಾನೊಂದು ಕ್ಷೌರದ ಕತ್ತಿ. ಹುಟ್ಟುವ ಮೊದಲು ಅರವಾಗಿದ್ದೆ, ಕಬ್ಬಿಣ ತಿಕ್ಕುವ ಅರ. ಗದಗಿನ ಕಡೆಯ ಒಂದು ಸಣ್ಣ ಪೇಟೆಯಲ್ಲಿ ಕಂಬಾರ ಮಾನಪ್ಪನ ಕುಲುಮೆಯಲ್ಲಿ ವರ್ಷಗಟ್ಟಲೆ ದುಡಿದು, ಹಲ್ಲು ಸವೆದು, ಒಂದು ದಿನ ಕಲ್ಲಿನ ಮೇಲೆ ಬಿದ್ದು ಎರಡು ತುಂಡಾದೆ. ಉಕ್ಕು ಒಳ್ಳೆಯದಿತ್ತು, ಮಾನಪ್ಪನಿಗೆ ಎಸೆಯಲು ಮನಸ್ಸಾಗಲಿಲ್ಲ. ಉದ್ದನೆಯ ತುಂಡನ್ನು ಬೆಂಕಿಗಿಟ್ಟು, ಕೆಂಪಗಾದಾಗ ಬಡಿದು, ಬೆನ್ನು ದಪ್ಪಗೆ ಬಾಯಿ ತೆಳ್ಳಗೆ ಮಾಡಿ, ಎಣ್ಣೆಯಲ್ಲಿ ಮುಳುಗಿಸಿದ. ಚುಂಯ್ ಎಂದು ಕೂಗಿಕೊಂಡೆ. ಅದೇ ನನ್ನ ಮೊದಲ ಕೂಗು, ಮೊದಲ ಅಂಜಿಕೆಯೂ ಅದೇ. ಆಮೇಲೆ ಕೋಣದ ಕೋಡಿನ ಹಿಡಿಕೆ ಹಾಕಿ, ಮಸೆದು, ತನ್ನ ಮುಂಗೈ ಮೇಲೆ ಆಡಿಸಿ ನೋಡಿದ. ಕೂದಲು ಹೋಯಿತು, ಚರ್ಮ ಉಳಿಯಿತು. "ನಡೀತೈತಿ," ಎಂದ. ಅವನಿಗೆ ಸಮಾಧಾನವಾಯಿತು. ನನಗೆ ಮಾತ್ರ ನಡುಕ ನಿಲ್ಲಲಿಲ್ಲ.

ಜನ ನನ್ನನ್ನು ಕಂಡರೆ ಮೈ ಮುದುಡಿಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಅವರಿಗಿಂತ ಹೆಚ್ಚು ಅಂಜುವುದು ನಾನು. ಕುಡಗೋಲು ಹುಲ್ಲು ಕೊಯ್ಯುತ್ತದೆ, ಈಳಿಗೆ ಬದನೆಕಾಯಿ ಹೆಚ್ಚುತ್ತದೆ. ಅವು ತಪ್ಪಿದರೆ ಹುಲ್ಲೂ ಅಳುವುದಿಲ್ಲ, ಬದನೆಕಾಯಿಯೂ ಅಳುವುದಿಲ್ಲ. ನನ್ನ ಕೆಲಸವಿರುವುದು ಉಸಿರಾಡುವ ಮನುಷ್ಯನ ಗಂಟಲ ಮೇಲೆ. ಎಷ್ಟು ಒತ್ತಬೇಕು, ಎಲ್ಲಿ ನಿಲ್ಲಬೇಕು ಎಂದು ನಿರ್ಧರಿಸುವುದು ನಾನಲ್ಲ, ಹಿಡಿದ ಕೈ. ಆ ಕೈ ಯಾರದೋ, ಅವತ್ತು ಅದರ ಮನಸ್ಸು ಹೇಗಿದೆಯೋ ಎಂದು ಪ್ರತಿ ಸಲ ಬಿಚ್ಚಿಕೊಳ್ಳುವಾಗಲೂ ನನ್ನ ಜೀವ ಬಾಯಿಗೆ ಬರುತ್ತದೆ.

ನನ್ನ ಪುಣ್ಯ, ಮೊದಲು ಸಿಕ್ಕ ಕೈ ಹಡಪದ ಫಕೀರಪ್ಪನದು. ಹತ್ತಿ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವನ ಅಂಗಡಿ. ಒಂದು ಕಟ್ಟಿಗೆಯ ಕುರ್ಚಿ, ಒಂದು ಕನ್ನಡಿ, ಗೋಡೆಯ ಮೊಳೆಗೆ ನೇತಾಡುವ ತೊಗಲಿನ ಪಟ್ಟಿ. ಆ ಪಟ್ಟಿ ಅವನ ಅಪ್ಪನ ಕಾಲದ್ದು, ನನಗಿಂತ ಹಿರಿಯದು. ದಿನವೂ ಬೆಳಿಗ್ಗೆ ಅದರ ಮೇಲೆ ಬೆನ್ನು ಮುಂದೆ, ಬಾಯಿ ಹಿಂದೆ ಮಾಡಿ ನನ್ನನ್ನು ಎಳೆಯುತ್ತಿದ್ದ. ಆಗ ನನಗೆ ತಾಯಿ ತಲೆ ಸವರಿದ ಹಾಗಾಗುತ್ತಿತ್ತು. ಗಂಟಲಿಗೆ ಬಂದಾಗ ಫಕೀರಪ್ಪ ಮಾತು ನಿಲ್ಲಿಸುತ್ತಿದ್ದ. ಗಂಟಲಮಣಿಯ ಪಕ್ಕ ಹೆಬ್ಬೆರಳಿಟ್ಟು, ಮೆತ್ತಗೆ, "ಉಗುಳು ನುಂಗಬ್ಯಾಡ್ರಿ," ಎನ್ನುತ್ತಿದ್ದ. ಸಾಹುಕಾರನಿರಲಿ, ಫೌಜುದಾರನಿರಲಿ, ಆ ಮಾತಿಗೆ ಎಲ್ಲರೂ ಕಣ್ಣು ಮುಚ್ಚುತ್ತಿದ್ದರು. ನಾನೂ ಮುಚ್ಚುತ್ತಿದ್ದೆ.

ಮಂಗಳವಾರ ಅಂಗಡಿ ರಜೆ. ಅವತ್ತು ಪಕ್ಕದ ಓಣಿಯ ಯಂಕಪ್ಪ ಬರುತ್ತಿದ್ದ, ಅವನೂ ಇದೇ ಕಸುಬಿನವನು. ಇವನು ಅವನ ಗಡ್ಡ ತೆಗೆಯಬೇಕು, ಅವನು ಇವನದು. ಕಸುಬಿನವರು ಒಬ್ಬರಿಗೊಬ್ಬರು ದುಡ್ಡು ಕೊಡುವುದಿಲ್ಲ, ತೆಗೆದುಕೊಳ್ಳುವುದೂ ಇಲ್ಲ. ಕ್ಷೌರಕ್ಕೆ ಕ್ಷೌರವೇ ಮರುಪಾವತಿ. ಇನ್ನೊಂದು ರೂಢಿಯೂ ಇತ್ತು. ಕತ್ತಿಯನ್ನು ಕೈಯಿಂದ ಕೈಗೆ ಕೊಡುತ್ತಿರಲಿಲ್ಲ. ಒಬ್ಬ ಮಣೆಯ ಮೇಲೆ ಇಡಬೇಕು, ಇನ್ನೊಬ್ಬ ಅಲ್ಲಿಂದ ಎತ್ತಿಕೊಳ್ಳಬೇಕು. ಹಾಗೆ ಮಣೆಯ ಮೇಲೆ ಮಲಗಿ ಎರಡು ಉಸಿರು ಎಳೆದುಕೊಳ್ಳುವುದು ನನಗೆ ಬಹಳ ಹಿಡಿಸುತ್ತಿತ್ತು.

ಆಮೇಲೆ ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿಗಳು ಬಂದವು. ಗಿರಾಕಿಗಳು "ಹೊಸಾ ಬ್ಲೇಡ್ ಹಾಕ್ರಿ" ಎನ್ನತೊಡಗಿದರು. ಫಕೀರಪ್ಪ ಅವರಿಗಾಗಿ ಅದನ್ನೂ ಇಟ್ಟುಕೊಂಡ. ನಾನು ತಗಡಿನ ಡಬ್ಬಿ ಸೇರಿದೆ. ಆಯುಧಪೂಜೆಗೆ ವಿಭೂತಿ ಹಚ್ಚಿಸಿಕೊಳ್ಳಲು ಮತ್ತು ಮಂಗಳವಾರದ ಮಂಗಳವಾರ ಯಂಕಪ್ಪನ ಗಡ್ಡಕ್ಕೆ ಮಾತ್ರ ಹೊರಬರುತ್ತಿದ್ದೆ. ಬೇಜಾರಾಯಿತೇ ಎಂದು ಕೇಳಬೇಡಿ. ಅಂಜುಬುರುಕನಿಗೆ ರಜೆ ಸಿಕ್ಕರೆ ಬೇಜಾರೇಕೆ?

ಫಕೀರಪ್ಪನಿಗೆ ಐವತ್ತೆರಡು ನಡೆಯುತ್ತಿದ್ದಾಗ, ಒಂದು ಬೆಳಿಗ್ಗೆ ಅಂಗಡಿಯ ಕದ ತೆಗೆಯುತ್ತಿದ್ದವನು ಅಲ್ಲೇ ಕುಸಿದ. ಲಕ್ವಾ ಹೊಡೆದಿತ್ತು. ಬಲಗೈ, ಬಲಗಾಲು ಬಿದ್ದುಹೋದವು. ಮುಖದ ಬಲಭಾಗ ಜೋತುಬಿತ್ತು, ಮುಟ್ಟಿದರೆ ಅಲ್ಲಿ ಅವನಿಗೆ ಏನೂ ಗೊತ್ತಾಗುತ್ತಿರಲಿಲ್ಲ. ತೊದಲುತ್ತಾ ಮಾತಾಡುತ್ತಿದ್ದ. ನುಂಗುವುದೂ ಕಷ್ಟವಾಗಿತ್ತು. ಹೆಂಡತಿ ಕಲ್ಲವ್ವ ಗಂಜಿಯನ್ನು ಚಮಚ ಚಮಚವಾಗಿ ಬಾಯಿಗಿಟ್ಟು, ಒಂದು ಗುಟುಕು ಇಳಿದ ಮೇಲೆ ಇನ್ನೊಂದು ಕೊಡುತ್ತಿದ್ದಳು. ಅಂಗಡಿಯ ಕುರ್ಚಿ, ಕನ್ನಡಿ, ಪಟ್ಟಿ, ನಾನಿದ್ದ ಡಬ್ಬಿ ಎಲ್ಲ ಮನೆಗೆ ಬಂದವು.

ಎರಡು ತಿಂಗಳಿಗೆ ಕೋಲು ಹಿಡಿದು ನಿಲ್ಲುವಷ್ಟಾದ. ಡಾಕ್ಟರು ಸ್ಪಷ್ಟವಾಗಿ ಹೇಳಿದರು: ದಿನಾ ಓಣಿಯಲ್ಲಿ ನಡೆಯಬೇಕು, ಈಗ ನಡೆದರೆ ಕಾಲು ಬರುತ್ತದೆ, ಈ ಚಳಿಗಾಲ ಕೂತುಬಿಟ್ಟರೆ ಮುಂದೆ ಹಾಸಿಗೆಯೇ ಗತಿ. ಮನೆಯೋ ಹತ್ತು ಹೆಜ್ಜೆಗೆ ಮುಗಿಯುತ್ತಿತ್ತು. ಆದರೆ ಫಕೀರಪ್ಪ ಹೊಸ್ತಿಲು ದಾಟಲು ಒಪ್ಪಲಿಲ್ಲ. ಮುಖದ ತುಂಬ ಬಿಳಿ ಗಡ್ಡ ಬೆಳೆದಿತ್ತು.

"ಊರ ಮಂದೀದೆಲ್ಲಾ ಗಡ್ಡ ತಗದಾವ ನಾ," ಎಂದ. "ಈ ಗಡ್ಡಾ ಹೊತ್ಕೊಂಡು ಓಣ್ಯಾಗ ಹೆಂಗ ಹೋಗ್ಲಿ?"

ಯಂಕಪ್ಪ ಮೂರು ಸಲ ಬಂದ, ಮೂರು ಸಲವೂ ಡಬ್ಬಿ ಬಿಚ್ಚದೆ ಹೋದ. "ಕೊಡೂ ಕೈ ಇಲ್ಲದಾಗ ತಗೊಳ್ಳೂ ಗಲ್ಲ ಎದಕ್ಕ," ಎನ್ನುತ್ತಿದ್ದ ಫಕೀರಪ್ಪ. ಮಗಳು ಸುನಂದಾ ಅಂಚೆ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಅವಳು ಪೇಟೆಯಿಂದ ಪ್ಲಾಸ್ಟಿಕ್ಕಿನ ರೇಜರ್ ತಂದಳು. ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಒಂದು ದಿನ ಯಾರೂ ಇಲ್ಲದಾಗ ಎಡಗೈಯಲ್ಲಿ ನನ್ನನ್ನೇ ಎತ್ತಿಕೊಂಡ. ಬಲಗೈ ಚರ್ಮ ಎಳೆದು ಹಿಡಿಯಬೇಕಲ್ಲ, ಅದು ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಜೋತುಬಿದ್ದ ಗಲ್ಲದ ಮೇಲೆ ನನ್ನನ್ನು ಇಟ್ಟವನು ಹಾಗೆಯೇ ತೆಗೆದು ಕೆಳಗಿಟ್ಟು ಅತ್ತ. ಅವತ್ತು ನನಗಾದ ಭಯವನ್ನು ಹೇಳಲಾರೆ. ಆ ಕೈ ಅಳುವುದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

ಕಲ್ಲವ್ವ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ್ದಳು.

"ನನಗ ಕಲಸ್ರಿ," ಎಂದಳು.

"ಏನ?"

"ಕತ್ತಿ ಹಿಡಿಯೂದು."

ಫಕೀರಪ್ಪ ಸೊಟ್ಟ ನಗೆ ನಕ್ಕ. "ಯಂಕಪ್ಪಗ ತಿರುಗಿ ಕೊಡಾಕ ಆಗೂದಿಲ್ಲಂತ ಕುಂತೇನಿ. ನಿನಗ ಏನ್ ಕೊಡ್ಲಿ?"

"ಇಪ್ಪತ್ತೆಂಟು ವರ್ಷ ರೊಟ್ಟಿ ಬಡದೇನಿ. ಅದಕ್ಕ ಏನ್ ಕೊಟ್ರಿ? ಇದೂ ಅದರಾಗ ಹೋಗ್ಲಿ."

ಅವನು ಎಡಗೈಯಿಂದ ನನ್ನನ್ನು ಅವಳ ಕಡೆ ಸರಿಸಿದ. ನನ್ನ ಎದೆ ಧಸಕ್ಕೆಂದಿತು. ಆ ಮನೆಯಲ್ಲಿ ಹೆಣ್ಣುಮಕ್ಕಳು ಪೂಜೆಯ ದಿನ ಬಿಟ್ಟರೆ ನನ್ನನ್ನು ಮುಟ್ಟಿದ್ದೇ ಇಲ್ಲ. ಅವಳು ನನ್ನನ್ನು ಎತ್ತಿಕೊಂಡಳು. ಕೈ ಬೆವೆತಿತ್ತು, ನಾನು ಜಾರಿದೆ. ಲಟ್ಟಣಿಗೆ ಹಿಡಿದ ಹಾಗೆ ಮುಷ್ಟಿ ಬಿಗಿದು ಹಿಡಿದಳು.

ಮೊದಲ ಪಾಠ ಪಟ್ಟಿಯ ಮೇಲೆ. "ಬೆನ್ನು ಮುಂದ, ಬಾಯಿ ಹಿಂದ," ಎಂದು ಅವನು ತೊದಲಿದ. ಅವಳಿಗೆ ಅದು ಸರಿಯಾಗಿ ತಿಳಿಯಲಿಲ್ಲ, ಇನ್ನೊಮ್ಮೆ ಕೇಳಲು ನಾಚಿಕೆ. ಬಾಯಿ ಮುಂದೆ ಮಾಡಿ ಒಂದೇ ಸಲ ಜೋರಾಗಿ ಎಳೆದಳು. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಪಟ್ಟಿಯ ಅಡ್ಡಗಲಕ್ಕೆ ಸೀಳಿಕೊಂಡು ಹೋಗಿದ್ದೆ. ಕೆಳಗಿನ ತುಂಡು ನೆಲಕ್ಕೆ ಬಿತ್ತು. ಇಷ್ಟು ವರ್ಷ ನನ್ನ ತಲೆ ಸವರಿದ್ದನ್ನು ನಾನೇ ಕೊಯ್ದಿದ್ದೆ. ನಾಚಿಕೆಯಿಂದ ಹಿಡಿಕೆಯೊಳಗೆ ಮುಖ ಮರೆಸಿಕೊಳ್ಳೋಣವೆಂದರೆ ಮಡಚಲೂ ಅವಳಿಗೆ ಬರುತ್ತಿರಲಿಲ್ಲ. ಫಕೀರಪ್ಪ ಬಿದ್ದ ತುಂಡನ್ನು ಕೋಲಿನಿಂದ ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ, "ಉಳದದ್ದರ ಮ್ಯಾಲೆ ಎಳಿ," ಎಂದ.

ಎರಡನೆಯದು ಬೂದುಗುಂಬಳ. ಎಳೆಯ ಬೂದುಗುಂಬಳಕ್ಕೆ ಮೈತುಂಬ ಸಣ್ಣ ರೋಮವಿರುತ್ತದೆ. ಅದಕ್ಕೆ ಸಾಬೂನಿನ ನೊರೆ ಹಚ್ಚಿ, ಸಿಪ್ಪೆಗೆ ತಾಗದಂತೆ ರೋಮ ತೆಗೆಯಬೇಕು. ಕಲ್ಲವ್ವ ಮೊದಲ ದಿನ ರೋಮದ ಜೊತೆ ಸಿಪ್ಪೆಯನ್ನೂ, ಸಿಪ್ಪೆಯ ಜೊತೆ ತಿರುಳನ್ನೂ ತೆಗೆದಳು. ಫಕೀರಪ್ಪ ಎಡಗೈ ಬೆರಳಿನಿಂದ ಗಾಯ ಎಣಿಸಿ, "ಇಲ್ಲೆ ಸಾಹುಕಾರನ ಗಲ್ಲ ಹೋತು. ಇಲ್ಲೆ ಮಾಸ್ತರನ ಕಿವಿ," ಎನ್ನುತ್ತಿದ್ದ. ಹಾಗೆ ಸತ್ತ ಕುಂಬಳಗಳನ್ನೆಲ್ಲ ತೊಳೆದು ಅಡುಗೆಗೆ ಹಾಕುತ್ತಿದ್ದಳು. ಹತ್ತನೆಯ ದಿನ ಸುನಂದಾ ಬುತ್ತಿ ಬಿಚ್ಚಿ ನೋಡಿ, "ಯವ್ವಾ, ಅಪ್ಪನ ಗಡ್ಡ ಹೋಗೂದ್ರಾಗ ನನಗ ಕುಂಬಳಕಾಯಿ ಹೆಸರು ಕೇಳಿದ್ರ ವಾಂತಿ ಬರ್ತೈತಿ ನೋಡು," ಎಂದಳು. ಆದರೆ ಅಷ್ಟರಲ್ಲಿ ಮುಷ್ಟಿ ಸಡಿಲವಾಗಿತ್ತು. ಮೂರು ಬೆರಳಲ್ಲಿ ನನ್ನನ್ನು ಹಿಡಿಯುವುದು ಅವಳಿಗೆ ಬಂದಿತ್ತು.

ಆಮೇಲೆ ಪುಗ್ಗಾ, ಅಂದರೆ ಬಲೂನು. ಗಾಳಿ ತುಂಬಿದ ಪುಗ್ಗಾಕ್ಕೆ ನೊರೆ ಹಚ್ಚಿ, ಒಡೆಯದ ಹಾಗೆ ನೊರೆಯನ್ನು ಮಾತ್ರ ಕೆರೆಯಬೇಕು. ಮೊದಲನೆಯದು ಢಮ್ಮೆಂದಿತು. ಕಲ್ಲವ್ವನ ಮುಖ, ಕನ್ನಡಿ, ಗೋಡೆಯ ಮೇಲಿನ ದೇವರ ಫೋಟೋ ಎಲ್ಲಕ್ಕೂ ನೊರೆ. ಪ್ರತಿ ಪುಗ್ಗಾ ಒಡೆದಾಗಲೂ ಅವಳು ಕಣ್ಣು ಮುಚ್ಚಿ ಗಂಡನ ಗಂಟಲು ಮುಟ್ಟಿ ನೋಡುತ್ತಿದ್ದಳು. ಅವಳು ಏನು ನೆನೆಸಿಕೊಳ್ಳುತ್ತಿದ್ದಳೋ ನನಗೆ ಗೊತ್ತಿತ್ತು. ನಾನೂ ಅದನ್ನೇ ನೆನೆಸಿಕೊಳ್ಳುತ್ತಿದ್ದೆ. ಹದಿನೇಳನೆಯ ಪುಗ್ಗಾ ಒಡೆಯಲಿಲ್ಲ.

"ನಾಳೆ ನನ್ನ ಗಲ್ಲ," ಎಂದ ಫಕೀರಪ್ಪ.

ಮರುದಿನ ಬೆಳಿಗ್ಗೆ ಅವನಿನ್ನೂ ಮಲಗಿದ್ದಾಗ ಕಲ್ಲವ್ವ ಡಬ್ಬಿ ತೆಗೆದು ನನ್ನನ್ನು ಅಡುಗೆಮನೆಗೆ ಒಯ್ದಳು. ಅವಳ ತುಟಿ ಒಣಗಿತ್ತು. ಖಾರ ಅರೆಯುವ ಕಲ್ಲಿನ ಅಂಚಿಗೆ ನನ್ನ ಬಾಯಿ ಹಚ್ಚಿದಳು. ಆಗ ತಿಳಿಯಿತು. ಹರಿತ ಕಡಿಮೆಯಾದರೆ ಗಾಯವೂ ಕಡಿಮೆಯಾದೀತು ಎಂಬುದು ಅವಳ ಲೆಕ್ಕ. ಒಂದು ಸಲ, ಎರಡು ಸಲ, ಮೂರು ಸಲ ತಿಕ್ಕಿದಳು. ನನ್ನ ಹಲ್ಲುಗಳೆಲ್ಲ ಒಳಗೊಳಗೇ ಮುರಿದವು. ಅವ್ವಾ, ಹಾಗೆ ಮಾಡಬೇಡ, ಹರಿತವಾಗಿದ್ದರೆ ನಾನು ಜಾರಿಕೊಂಡು ಹೋಗುತ್ತೇನೆ, ಮೊಂಡಾದರೆ ಎಡವುತ್ತೇನೆ, ಎಡವಿದ ಕಡೆ ನೀನು ಒತ್ತುತ್ತೀ, ಒತ್ತಿದರೆ ನಾನು ಎಲ್ಲಿಗೆ ಹೋಗುತ್ತೇನೋ ನನಗೇ ಗೊತ್ತಿಲ್ಲ ಎಂದು ಕೂಗಿದೆ. ಕತ್ತಿಯ ಕೂಗು ಯಾರಿಗೆ ಕೇಳಿಸಬೇಕು? ಅವಳು ನನ್ನನ್ನು ಸೆರಗಿನಿಂದ ಒರೆಸಿ, ಕಣ್ಣಿಗೊತ್ತಿಕೊಂಡು ಹೊರಗೆ ತಂದಳು. ಹುಟ್ಟಿದಾಗಿನಿಂದ ಅಂಜಿದ್ದೆಲ್ಲ ಒಂದು ಕಡೆ, ಆ ಹತ್ತು ಹೆಜ್ಜೆಯ ಅಂಜಿಕೆ ಒಂದು ಕಡೆ.

ಫಕೀರಪ್ಪನನ್ನು ಕುರ್ಚಿಯಲ್ಲಿ ಕೂರಿಸಿದಳು. ಸುನಂದಾ ಉದ್ದ ಗಡ್ಡವನ್ನು ಕತ್ತರಿಯಲ್ಲಿ ಕತ್ತರಿಸಿಕೊಟ್ಟು, ರಕ್ತ ನೋಡಲಾರೆ ಎಂದು ಕಚೇರಿಗೆ ಹೊರಟುಹೋದಳು. ಬಿಸಿನೀರಿನ ಬಟ್ಟೆ, ನೊರೆ ಎಲ್ಲ ಆಯಿತು. ಕಲ್ಲವ್ವ ಬಲಗಲ್ಲದಿಂದ ಶುರುಮಾಡಿದಳು. ಅದು ಸ್ಪರ್ಶವಿಲ್ಲದ ಗಲ್ಲ, ಅಲ್ಲಿ ತಪ್ಪಾದರೂ ಅವನಿಗೆ ನೋಯುವುದಿಲ್ಲವಲ್ಲ ಎಂದು. ನೋಯದಿದ್ದರೆ ಅವನು ತಡೆಯುವುದೂ ಇಲ್ಲ ಎಂಬುದು ಅವಳಿಗೆ ಹೊಳೆಯಲಿಲ್ಲ.

ನನ್ನನ್ನು ಕಿವಿಯ ಕೆಳಗಿಟ್ಟು ಎಳೆದಳು. ನಾನು ನಾಲ್ಕು ಕೂದಲು ಹಿಡಿದು ನಿಂತುಬಿಟ್ಟೆ. ಅವಳು ಒತ್ತಿದಳು. ಕರಕರ ಎಂದು ಮುಗ್ಗರಿಸಿ ದವಡೆಯ ಮೂಳೆಯ ಹತ್ತಿರ ಚರ್ಮದೊಳಗೆ ಇಳಿದೆ. ಬಿಳಿ ನೊರೆಯಲ್ಲಿ ಕೆಂಪು ಗೆರೆ ಬಂತು. ಫಕೀರಪ್ಪನಿಗೆ ಗೊತ್ತೇ ಆಗಲಿಲ್ಲ, ಕಣ್ಣು ಮುಚ್ಚಿ ಕೂತಿದ್ದ. ಇನ್ನೊಂದು ಎಳೆತಕ್ಕೆ ಕಲ್ಲವ್ವನ ಕೈ ತಾನಾಗಿಯೇ ಹೊರಟಿತು, ಈ ಸಲ ಗಂಟಲಿನ ಕಡೆಗೆ.

"ನಿಲ್ಲು," ಎಂದ ಫಕೀರಪ್ಪ.

ಕೈ ನಿಂತಿತು.

"ಕತ್ತಿ ದನಿ ಬದಲಾಗೇತಿ. ನಿನ್ನಿ ಪುಗ್ಗಾದ ಮ್ಯಾಲೆ ಸರ್ ಸರ್ ಅಂತಿತ್ತು. ಇವತ್ತು ಕರಕರ ಅನ್ನಾಕತ್ತೈತಿ. ಮಣೆ ಮ್ಯಾಲೆ ಇಡು."

ಮೂವತ್ತು ವರ್ಷ ನನ್ನ ದನಿ ಕೇಳಿದ ಕಿವಿ ಅದು. ಚರ್ಮಕ್ಕೆ ಗೊತ್ತಾಗದ್ದು ಕಿವಿಗೆ ಗೊತ್ತಾಗಿತ್ತು. ನನ್ನ ಕೂಗು ಒಬ್ಬರಿಗಾದರೂ ಕೇಳಿಸಿತಲ್ಲ ಎಂದು ಮಣೆಯ ಮೇಲೆ ಬಿದ್ದುಕೊಂಡು ಗಡಗಡ ನಡುಗಿದೆ.

"ಏನ್ ಮಾಡಿದಿ ಇದಕ್ಕ?"

ಕಲ್ಲವ್ವ ನೆಲಕ್ಕೆ ಕೂತು ಎಲ್ಲ ಹೇಳಿದಳು. ಹೇಳುತ್ತಾ ಹೇಳುತ್ತಾ ಅತ್ತಳು. "ಅಂಜಿಕಿ ಬಂತ್ರಿ. ನನ್ನ ಕೈಯಾಗ ನಿಮ್ಮ ಜೀವಾ ಹೋದ್ರ ನಾ ಏನ್ ಮಾಡ್ಲಿ?"

ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ಬೈಯಲಿಲ್ಲ. ಪಟಿಕದ ಹರಳು ಕೇಳಿ ಇಸಿದುಕೊಂಡು, ನೀರಿನಲ್ಲಿ ಅದ್ದಿ, ಎಡಗೈಯಲ್ಲಿ ತಾನೇ ಗಾಯಕ್ಕೆ ತಿಕ್ಕಿಕೊಂಡ. ರಕ್ತ ನಿಂತಿತು. "ಮೊಂಡ ಕತ್ತಿನ ಮಂದೀನ ಕೊಯ್ಯೂದು. ಹರತ ಇದ್ರ ನೀ ಹೇಳಿದ್ದು ಕೇಳ್ತೈತಿ," ಎಂದ. "ಮಸಿಗಲ್ಲು ತಾ."

ಒಂದು ತಾಸು ಇಬ್ಬರೂ ಸೇರಿ ನನ್ನನ್ನು ಮಸೆದರು. ಕಲ್ಲಿಗೆ ನೀರು ಹನಿಸಿ ಅವಳು ನನ್ನನ್ನು ಹಿಡಿದಳು, ಅವಳ ಕೈ ಮೇಲೆ ಅವನ ಎಡಗೈ. ಎಷ್ಟು ಒತ್ತಬೇಕೆಂದು ಆ ಕೈ ಬಾಯಲ್ಲಿ ಹೇಳದೆ ತೋರಿಸಿತು. ಮುರಿದ ಹಲ್ಲುಗಳೆಲ್ಲ ಸವೆದುಹೋಗಿ ನಾನು ಮತ್ತೆ ನಾನಾದೆ. ಆಮೇಲೆ ಅರ್ಧ ಪಟ್ಟಿಯ ತುದಿಯನ್ನು ಅವನು ಎಳೆದು ಹಿಡಿದ. ಅವಳು ಬೆನ್ನು ಮುಂದೆ, ಬಾಯಿ ಹಿಂದೆ ಮಾಡಿ ನನ್ನನ್ನು ಎಳೆದಳು. ಪಟ್ಟಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ.

ಒಣಗಿದ ನೊರೆ ತೊಳೆದು ಮತ್ತೆ ಹಚ್ಚಿದರು. ಎರಡೂ ಗಲ್ಲ ಮುಗಿದವು. ಗಂಟಲು ಉಳಿಯಿತು.

ನಾನು ಮತ್ತೆ ಕಣ್ಣು ಮುಚ್ಚಿದೆ. ಲಕ್ವಾ ಹೊಡೆದವನಿಗೆ ಉಗುಳು ತಡೆಯಲು ಬರುವುದಿಲ್ಲ. ಬಾಯಲ್ಲಿ ನೀರು ತುಂಬುತ್ತದೆ, ಗಂಟಲಮಣಿ ಹೇಳದೆ ಕೇಳದೆ ಮೇಲೇರುತ್ತದೆ. ಮೇಲೇರಿದಾಗ ನಾನು ಅಲ್ಲಿದ್ದರೆ? "ಇಲ್ಲಿ ಬಿಟ್ಟಬಿಡು," ಎಂದ ಫಕೀರಪ್ಪ. ಅವನ ದನಿಯಲ್ಲಿಯೂ ಅಂಜಿಕೆಯಿತ್ತು. ಅವನು ಅಂಜಿದ್ದನ್ನು ನಾನು ಕಂಡದ್ದು ಅವತ್ತೇ ಮೊದಲು.

"ಅರ್ಧಾ ಗಡ್ಡ ಇಟ್ಕೊಂಡು ಓಣ್ಯಾಗ ಹೋಗ್ತೀರೇನು?" ಎಂದಳು. ಗಂಟಲಮಣಿಯ ಪಕ್ಕ ಹೆಬ್ಬೆರಳಿಟ್ಟಳು. ನನ್ನನ್ನು ಮೇಲೆಯೇ ಹಿಡಿದಿದ್ದಳು, ತಾಗಿಸಲಿಲ್ಲ. ಕಾದಳು. ಮಣಿ ಮೇಲೇರಿತು, ಇಳಿಯಿತು. ಇಳಿದ ತಕ್ಷಣ ನನ್ನನ್ನು ಎರಡು ಬೆರಳಗಲ ಎಳೆದು, ಎತ್ತಿಬಿಟ್ಟಳು. ಮತ್ತೆ ಕಾದಳು. ಮತ್ತೆ ಏರಿತು, ಇಳಿಯಿತು. ಮತ್ತೆ ಎರಡು ಬೆರಳಗಲ. ಒಂದು ಸಲವೂ ಲೆಕ್ಕ ತಪ್ಪಲಿಲ್ಲ. ಇದನ್ನು ಎಲ್ಲಿ ಕಲಿತಳು ಎಂದು ನನಗೆ ಮೊದಲು ತಿಳಿಯಲಿಲ್ಲ. ಫಕೀರಪ್ಪ ಇದನ್ನು ಕಲಿಸಿರಲಿಲ್ಲ. ಅವನು ಉಗುಳು ನುಂಗಬೇಡಿ ಎನ್ನುತ್ತಿದ್ದ, ಜನ ನುಂಗುತ್ತಿರಲಿಲ್ಲ, ಅಷ್ಟೆ. ನುಂಗುವ ಗಂಟಲಿನ ಮೇಲೆ ನನ್ನನ್ನು ನಡೆಸುವುದು ಅವನಿಗೂ ಗೊತ್ತಿರಲಿಲ್ಲ. ಆಮೇಲೆ ನೆನಪಾಯಿತು. ಮೂರು ತಿಂಗಳಿಂದ ಚಮಚ ಚಮಚ ಗಂಜಿ ಕುಡಿಸುತ್ತಾ, ಪ್ರತಿ ಗುಟುಕು ಇಳಿಯುವುದನ್ನೇ ನೋಡುತ್ತಾ ಕೂತವಳಲ್ಲವೇ ಅವಳು? ಆ ಗಂಟಲು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ ಎಂಬುದು ಅವಳ ಬೆರಳಿಗೆ ಬಾಯಿಪಾಠವಾಗಿತ್ತು.

ಮುಗಿದ ಮೇಲೆ ಕನ್ನಡಿ ಹಿಡಿದಳು. ಫಕೀರಪ್ಪ ಬಹಳ ಹೊತ್ತು ನೋಡಿಕೊಂಡ. ಆಮೇಲೆ, "ನನ್ನ ಕೋಲು ಎಲ್ಲೈತಿ?" ಎಂದ.

ಅವತ್ತು ಅವನು ಹೋದದ್ದು ಯಂಕಪ್ಪನ ಅಂಗಡಿಯವರೆಗೆ. ಅಲ್ಲಿ ನಡೆದದ್ದನ್ನು ಕಲ್ಲವ್ವ ಸಂಜೆ ಮಗಳಿಗೆ ಹೇಳುವಾಗ ಡಬ್ಬಿಯಲ್ಲಿದ್ದ ನಾನೂ ಕೇಳಿಸಿಕೊಂಡೆ. ಯಂಕಪ್ಪ ಗಿರಾಕಿಯನ್ನು ಅರ್ಧಕ್ಕೆ ಬಿಟ್ಟು ಹೊರಗೆ ಬಂದು, ಗೆಳೆಯನ ದವಡೆಯ ಮೇಲೆಲ್ಲ ಬೆರಳಾಡಿಸಿ, "ಕಿವಿ ಕೆಳಗ ನಾಕು ಕೂದ್ಲ ಬಿಟ್ಟಾಳಲ್ಲೋ," ಎಂದನಂತೆ. "ಬಿಡ್ಲಿ ಬಿಡು, ಹೊಸಾ ಕೈ," ಎಂದನಂತೆ ಫಕೀರಪ್ಪ. ಇಬ್ಬರೂ ಅಂಗಡಿಯ ಮೆಟ್ಟಿಲ ಮೇಲೆ ಕೂತು ಚಹಾ ಕುಡಿದರಂತೆ.

ಮುಂದೆ ಒಂಬತ್ತು ವರ್ಷ ಪ್ರತಿ ಮಂಗಳವಾರ ನನಗೆ ಕೆಲಸ. ಕಾಲು ಪೂರ್ತಿ ಬರಲಿಲ್ಲ, ಆದರೆ ಕೋಲೂರಿ ಮಾರುಕಟ್ಟೆಯವರೆಗೆ ಹೋಗಿ ಬರುವಷ್ಟು ಬಂತು. ಫಕೀರಪ್ಪ ಋಣ ಇಟ್ಟುಕೊಳ್ಳುವ ಮನುಷ್ಯನಲ್ಲ. ಎರಡನೆಯ ಮಂಗಳವಾರ ಕ್ಷೌರ ಮುಗಿದ ಮೇಲೆ, "ಕೂಡು ಇಲ್ಲೆ," ಎಂದು ಹೆಂಡತಿಯನ್ನು ಕುರ್ಚಿಯ ಕೆಳಗೆ ಕೂರಿಸಿಕೊಂಡ. ಎಡಗೈಯಲ್ಲಿ ಬಾಚಣಿಗೆ ಹಿಡಿದು ಅವಳ ತಲೆ ಬಾಚತೊಡಗಿದ. ಊರಿಗೆಲ್ಲ ತಲೆ ಬಾಚಿದವನು ಮನೆಯಾಕೆಯ ತಲೆಗೆ ಬಾಚಣಿಗೆ ಮುಟ್ಟಿಸಿದ್ದು ಅದೇ ಮೊದಲು. ಒಂದೇ ಕೈಯಲ್ಲಿ ಸಿಕ್ಕು ಬಿಡಿಸಲು ಅರ್ಧ ತಾಸು ಬೇಕಾಗುತ್ತಿತ್ತು. ಅವಳು ಒಲೆ ಮೇಲೆ ಸಾರಿದೆ ಎಂದು ಗೊಣಗುತ್ತಿದ್ದಳು, ಏಳುತ್ತಿರಲಿಲ್ಲ. ಮಣೆಯ ಮೇಲೆ ಮಲಗಿ ಅದನ್ನು ನೋಡುವುದು ನನ್ನ ವಾರದ ಸುಖವಾಗಿತ್ತು.

ಅಂಜಿಕೆ ಮಾತ್ರ ಹೋಗಲಿಲ್ಲ. ಒಂಬತ್ತು ವರ್ಷವೂ ಗಂಟಲಿಗೆ ಬಂದಾಗ ನನಗೆ ಕೈಕಾಲು ತಣ್ಣಗಾಗುತ್ತಿದ್ದವು. ಅವಳಿಗೂ ಆಗುತ್ತಿತ್ತು. ಬೆರಳ ತುದಿಯ ಬೆವರಿನಿಂದ ಗೊತ್ತಾಗುತ್ತಿತ್ತು.

ಈಗ ನನಗೆ ವಯಸ್ಸಾಯಿತು. ಮಸೆದು ಮಸೆದು ಅರ್ಧ ಅಗಲ ಉಳಿದಿದ್ದೇನೆ. ತಗಡಿನ ಡಬ್ಬಿಯಲ್ಲಿ ಆ ಬಾಚಣಿಗೆಯ ಪಕ್ಕ ಮಲಗಿರುತ್ತೇನೆ. ಸುನಂದಾಳ ಮಕ್ಕಳು ಡಬ್ಬಿ ಮುಟ್ಟಿದರೆ ಕಲ್ಲವ್ವ ಗದರುತ್ತಾಳೆ. ನನಗೆ ಇನ್ನು ಕೆಲಸವಿಲ್ಲ. ಆದರೂ ಮಂಗಳವಾರ ಹೊರಗೆ ತೆಗೆದು, ಅರ್ಧ ಪಟ್ಟಿಯ ಮೇಲೆ ನಾಲ್ಕು ಸಲ ಎಳೆದು, ಕೊಬ್ಬರಿ ಎಣ್ಣೆ ಸವರಿ ಇಡುತ್ತಾಳೆ. ನನ್ನನ್ನು ಮೊಂಡಾಗಲು ಬಿಡುವುದಿಲ್ಲ.

ನನ್ನ ಕಡೆಯ ಕೆಲಸ ಹೋದ ವರ್ಷ, ಕಾರ್ತಿಕದಲ್ಲಿ. ಫಕೀರಪ್ಪ ಬೆಳಗಿನ ಹೊತ್ತು ಮಲಗಿದಲ್ಲೇ ಹೋಗಿದ್ದ. ಸ್ನಾನ ಮಾಡಿಸುವ ಮೊದಲು ಗಡ್ಡ ತೆಗೆಯಬೇಕೆಂದು ಯಂಕಪ್ಪ ತನ್ನ ಪೆಟ್ಟಿಗೆ ಹಿಡಿದು ಬಂದ. ಅವನ ಕಣ್ಣೂ ಒದ್ದೆಯಾಗಿತ್ತು. "ನೀವು ಕೂಡ್ರಿ ಅಣ್ಣಾರ," ಎಂದಳು ಕಲ್ಲವ್ವ. ನನ್ನನ್ನು ಎತ್ತಿಕೊಂಡಳು. ಗಲ್ಲ ಮುಗಿಸಿದಳು. ಗಂಟಲಮಣಿಯ ಪಕ್ಕ ಹೆಬ್ಬೆರಳಿಟ್ಟು, ನನ್ನನ್ನು ಮೇಲೆ ಹಿಡಿದು ಕಾದಳು.

ಏರುವುದು ಇನ್ನೇನೂ ಇರಲಿಲ್ಲ, ಇಳಿಯುವುದೂ ಇರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆದರೂ ಒಂದು ಗುಟುಕು ಇಳಿಯುವಷ್ಟು ಹೊತ್ತು ಕಾದು, ಆಮೇಲೆ ಎರಡು ಬೆರಳಗಲ ಎಳೆದು, ಎತ್ತಿದಳು. ಮತ್ತೆ ಕಾದಳು. ಕಡೆಯವರೆಗೂ ಹಾಗೆಯೇ ಮಾಡಿದಳು. ಯಾರೂ ಬೇಗ ಮಾಡು ಎನ್ನಲಿಲ್ಲ.

ನನ್ನ ಜೀವಮಾನದಲ್ಲಿ ಗಂಟಲ ಮೇಲೆ ಅಂಜದೆ ನಡೆದದ್ದು ಅದೊಂದೇ ಸಲ. ಬೇಡವೆಂದು ಇಷ್ಟು ವರ್ಷ ಗೋಳಾಡಿದ್ದ ಆ ಅಂಜಿಕೆ ಈಗ ಒಂದು ಮಂಗಳವಾರದ ಮಟ್ಟಿಗಾದರೂ ತಿರುಗಿ ಬರಲಿ ಅನ್ನಿಸುತ್ತದೆ.